ಕೊಡಗಿನಲ್ಲಿ ಒಂದು ಸುತ್ತು ಗಾಲ್ಫ್: ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಗಾಲ್ಫ್ ಆಡಬೇಕೆಂದರೆ ಕಾಫಿ ತೋಟ ಇರಬೇಕು, ಇಲ್ಲವೇ ಕ್ಲಬ್ಬಿನ ಸದಸ್ಯತ್ವ ಇರಬೇಕು ಎಂದು ಕೊಡಗಿನವರೇ ಎಷ್ಟೋ ಮಂದಿ ನಂಬಿದ್ದಾರೆ. ಮೈದಾನದ ಬೇಲಿ ಪಕ್ಕದ ರಸ್ತೆಯಲ್ಲೇ ಶಾಲೆಗೆ ಹೋಗಿ ಬಂದವರೂ ಒಳಗೆ ಕಾಲಿಟ್ಟಿರುವುದಿಲ್ಲ. ಇದು ಬದಲಾಗಬೇಕು ಎಂಬುದು ನನ್ನ ಆಸೆ. ಸದಸ್ಯರಲ್ಲದವರಿಂದ ಆ ದಿನದ ಗ್ರೀನ್ ಫೀ (ಮೈದಾನದಲ್ಲಿ ಆಡುವ ಶುಲ್ಕ) ಕಟ್ಟಿಸಿಕೊಂಡು ಆಡಲು ಬಿಡುವ ಪದ್ಧತಿ ನಮ್ಮ ದೇಶದ ಬಹಳಷ್ಟು ಗಾಲ್ಫ್ ಕ್ಲಬ್‌ಗಳಲ್ಲಿದೆ. ಸರಿಯಾಗಿ ಯೋಜನೆ ಮಾಡಿಕೊಂಡರೆ, ಕುಟುಂಬ ಸಮೇತ ವಾರಾಂತ್ಯಕ್ಕೆ ಕೊಡಗಿಗೆ ಬಂದು ಹೋಗುವ ಖರ್ಚಿನಲ್ಲಿ ಗಾಲ್ಫಿನ ಪಾಲು ಚಿಕ್ಕದೇ ಆಗಿರುತ್ತದೆ.

ಆದರೆ ಹೊಸಬರು ಹಣ ಉಳಿಸುವುದು ತಪ್ಪು ಜಾಗದಲ್ಲಿ. ಹೊಸ ಸ್ಟಿಕ್, ಹೊಸ ಶೂ, ಹೊಸ ಚೆಂಡು ಎಂದು ಅಂಗಡಿಯಲ್ಲಿ ಸುರಿದು, ಮೈದಾನಕ್ಕೆ ಬಂದ ಮೇಲೆ ಚೀಲ ಹೊತ್ತು ದಾರಿ ತೋರಿಸುವ ಕ್ಯಾಡಿ ಬೇಡ ಎನ್ನುತ್ತಾರೆ. ನಾನು ಹೇಳುವುದು ಇದಕ್ಕೆ ತದ್ವಿರುದ್ಧ. ಸಾಮಾನು ಬಾಡಿಗೆಗೆ ತೆಗೆದುಕೊಳ್ಳಿ, ಕ್ಯಾಡಿಗೆ ಮಾತ್ರ ಕೈತುಂಬ ಕೊಡಿ.

ಎಲ್ಲಿ ಆಡುವುದು

ಜಿಲ್ಲೆಯಲ್ಲಿ ಮುಖ್ಯವಾಗಿ ಮೂರು ಕಡೆ ಗಾಲ್ಫ್ ಇದೆ. ಮಡಿಕೇರಿಯಲ್ಲಿ ಮರ್ಕೆರಾ ಡೌನ್ಸ್ ಗಾಲ್ಫ್ ಕ್ಲಬ್, ವಿರಾಜಪೇಟೆ–ಗೋಣಿಕೊಪ್ಪ ರಸ್ತೆಯ ಬಿಟ್ಟಂಗಾಲದಲ್ಲಿ ಕೂರ್ಗ್ ಗಾಲ್ಫ್ ಲಿಂಕ್ಸ್, ಮತ್ತು ಪಾಲಿಬೆಟ್ಟದಲ್ಲಿ ಎಸ್ಟೇಟ್‌ಗಳ ನಡುವೆ ಒಂಬತ್ತು ಹೋಲ್‌ನ ಕೋರ್ಸ್ (ಮೈದಾನ). ಹೋಲ್ ಎಂದರೆ ಚೆಂಡು ಹಾಕಬೇಕಾದ ಕುಳಿ, ಅಲ್ಲಿಯವರೆಗೆ ಆಡುವ ದಾರಿಗೂ ಅದೇ ಹೆಸರು. ಇವು ಯಾವುವೂ ನಗರಸಭೆಯ ಪಾರ್ಕಿನ ಹಾಗೆ ಗೇಟು ತೆರೆದಿಟ್ಟ ಜಾಗಗಳಲ್ಲ. ಹೊರಡುವ ಎರಡು ಮೂರು ದಿನ ಮೊದಲೇ ಫೋನ್ ಮಾಡಿ ಕೇಳಲೇಬೇಕು.

ಫೋನಿನಲ್ಲಿ ಏನು ಕೇಳಬೇಕು ಎಂಬುದು ಗೊತ್ತಿದ್ದರೆ ಅರ್ಧ ಗೊಂದಲ ಕಳೆಯುತ್ತದೆ. ಸದಸ್ಯರಲ್ಲದವರಿಗೆ ಅವತ್ತು ಆಟ ಇದೆಯೇ, ಸದಸ್ಯರ ಟೂರ್ನಮೆಂಟ್ ಏನಾದರೂ ಇಟ್ಟಿದ್ದಾರೆಯೇ? ವಾರದ ದಿನದ ಗ್ರೀನ್ ಫೀ ಎಷ್ಟು, ಶನಿವಾರ ಭಾನುವಾರ ಎಷ್ಟು? ಒಂಬತ್ತೇ ಹೋಲ್ ಆಡಿದರೆ ಕಡಿಮೆಯೇ? ಬಾಡಿಗೆಗೆ ಸೆಟ್ ಸಿಗುತ್ತದೆಯೇ, ಎಡಗೈಯವರಿಗೂ ಇದೆಯೇ? ಕ್ಯಾಡಿ ಶುಲ್ಕ ಕೌಂಟರಿನಲ್ಲಿ ಕಟ್ಟಬೇಕೋ, ಅವರ ಕೈಗೇ ಕೊಡಬೇಕೋ? ಕೊನೆಯದಾಗಿ ಉಡುಪಿನ ನಿಯಮ. ಕಾಲರ್ ಇರುವ ಟೀ ಶರ್ಟು, ಪ್ಯಾಂಟು ಅಥವಾ ಮಂಡಿಯವರೆಗಿನ ಚಡ್ಡಿ ಇದ್ದರೆ ಸಾಮಾನ್ಯವಾಗಿ ಎಲ್ಲೂ ತೊಂದರೆಯಿಲ್ಲ. ರೌಂಡ್ ನೆಕ್ ಬನಿಯನ್ನು, ಜೀನ್ಸ್ ಹಾಕಿಕೊಂಡು ಹೋದವರನ್ನು ಬಾಗಿಲಲ್ಲೇ ನಿಲ್ಲಿಸುವ ಕ್ಲಬ್‌ಗಳು ಇನ್ನೂ ಇವೆ.

ವಾರದ ದಿನ ಹೋಗುವುದು ಅಗ್ಗ, ನೆಮ್ಮದಿಯೂ ಹೌದು. ಹಲವು ಗಾಲ್ಫ್ ಕ್ಲಬ್‌ಗಳಲ್ಲಿ ಸೋಮವಾರ ಹುಲ್ಲಿನ ಕೆಲಸಕ್ಕೆಂದು ರಜೆ ಇರುತ್ತದೆ, ಅದನ್ನೂ ವಿಚಾರಿಸಿಕೊಳ್ಳಿ. ಮಂಗಳವಾರ, ಬುಧವಾರದ ಬೆಳಗ್ಗೆ ಹಿಂದೆ ಮುಂದೆ ಯಾರೂ ಇರುವುದಿಲ್ಲ. ಹೊಸಬರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

ಯಾವಾಗ ಆಡುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯೋಚನೆ ಬಿಡಿ. ಆ ಮಳೆಯಲ್ಲಿ ಆಡುವ ಹುಚ್ಚರಿದ್ದಾರೆ, ಅವರು ಇಲ್ಲಿಯವರು, ಅವರಿಗೆ ನೆಲ ಗೊತ್ತು. ಹೊರಗಿನಿಂದ ಬರುವವರಿಗೆ ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗಿನ ಕಾಲ ಒಳ್ಳೆಯದು. ಸುಗ್ಗಿ ಹಬ್ಬ ಪುತ್ತರಿ ಮುಗಿದ ಮೇಲಿನ ದಿನಗಳಲ್ಲಿ ನೆಲ ಗಟ್ಟಿಯಾಗಿರುತ್ತದೆ, ಹುಲ್ಲು ಇನ್ನೂ ಹಸಿರಾಗಿರುತ್ತದೆ, ಬಿಸಿಲು ಹದವಾಗಿರುತ್ತದೆ. ಮಡಿಕೇರಿಯಲ್ಲಿ ಆಡುವುದಾದರೆ ಬೆಳಗ್ಗೆ ಆರಕ್ಕೇ ಹೋಗಿ ನಿಲ್ಲಬೇಡಿ. ಮಂಜು ಕವಿದಿದ್ದರೆ ಹೊಡೆದ ಚೆಂಡು ಐವತ್ತು ಹೆಜ್ಜೆಯಲ್ಲಿ ಕಾಣೆಯಾಗುತ್ತದೆ. ಎಂಟು ಗಂಟೆಗೆ ಶುರು ಮಾಡಿದರೆ ಸಾಕು. ಬಿಟ್ಟಂಗಾಲ, ಪಾಲಿಬೆಟ್ಟದ ಕಡೆ ಮಡಿಕೇರಿಯಷ್ಟು ಮಳೆಯೂ ಇಲ್ಲ, ಮಂಜೂ ಇಲ್ಲ.

ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಅರಳಿಸುವ ಹೂಮಳೆ ಬಿದ್ದ ಕೆಲವು ದಿನಕ್ಕೆ ತೋಟಗಳೆಲ್ಲ ಬಿಳಿ ಹೂವಾಗಿ, ಆ ಪರಿಮಳದಲ್ಲಿ ನಡೆದು ಆಡುವುದು ಬೇರೆಯೇ ಸುಖ. ಆದರೆ ಆ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಬರುತ್ತದೆ. ಗುಡುಗು ಕೇಳಿಸಿತೆಂದರೆ ಆಟ ನಿಲ್ಲಿಸಿ ಕಟ್ಟಡದೊಳಗೆ ಹೋಗಿ. ಬಯಲಿನಲ್ಲಿ ಕೊಡೆ ಬಿಚ್ಚಿಕೊಂಡು ನಿಲ್ಲುವುದು, ಒಂಟಿ ಮರದ ಕೆಳಗೆ ನಿಲ್ಲುವುದು, ಎರಡೂ ಪ್ರಾಣಕ್ಕೆ ಅಪಾಯ. ಸಿಡಿಲಿನ ಭಯಕ್ಕೆ ಆಟ ನಿಲ್ಲಿಸಿದರೆ ನಿಯಮದ ಪ್ರಕಾರ ದಂಡವಿಲ್ಲ, ಸ್ಪರ್ಧೆಯಲ್ಲಿದ್ದರೂ ಇಲ್ಲ.

ಏಪ್ರಿಲ್–ಮೇ ತಿಂಗಳಲ್ಲಿ ಇನ್ನೊಂದು ವಿಷಯ: ಕೊಡವ ಕುಟುಂಬಗಳ ಹಾಕಿ ಹಬ್ಬ, ಮದುವೆಗಳು, ಶಾಲೆಯ ರಜೆ ಎಲ್ಲ ಒಟ್ಟಿಗೆ ಬಂದು ರೂಮಿನ ಬಾಡಿಗೆ ಏರುತ್ತದೆ. ಗ್ರೀನ್ ಫೀಯಲ್ಲಿ ಉಳಿಸಿದ್ದು ಹೋಮ್‌ಸ್ಟೇಗೆ ಹೋಗುತ್ತದೆ.

ಸಾಮಾನು

ನಿಯಮದ ಪ್ರಕಾರ ಚೀಲದಲ್ಲಿ ಹದಿನಾಲ್ಕು ಸ್ಟಿಕ್‌ವರೆಗೆ ಇಟ್ಟುಕೊಳ್ಳಬಹುದು. ಮೊದಲ ಸುತ್ತಿಗೆ ನಾಲ್ಕು ಸಾಕು: ದೂರಕ್ಕೆ ಒಂದು ಹೈಬ್ರಿಡ್ ಅಥವಾ ಐದನೇ ವುಡ್, ಮಧ್ಯಮ ದೂರಕ್ಕೆ ಏಳನೇ ಐರನ್, ಮರಳಿನಿಂದ ಎತ್ತಲು ಒಂದು ಸ್ಯಾಂಡ್ ವೆಜ್, ಹೋಲ್ ಹತ್ತಿರ ಚೆಂಡು ಉರುಳಿಸಲು ಒಂದು ಪಟರ್. ಬಾಡಿಗೆ ಸೆಟ್ಟಿನಲ್ಲಿ ಡ್ರೈವರ್ ಇದ್ದೇ ಇರುತ್ತದೆ, ಅದನ್ನು ಮುಟ್ಟಬೇಡಿ. ಎಲ್ಲಕ್ಕಿಂತ ಉದ್ದನೆಯ ಸ್ಟಿಕ್ ಅದು, ಚೆಂಡು ತೋಟದೊಳಗೆ ಹೋಗುವುದೂ ಹೆಚ್ಚಾಗಿ ಅದರಿಂದಲೇ.

ಚೆಂಡು ಹಳೆಯದೇ ಇರಲಿ. ಹುಡುಕಿ ತಂದು ತೊಳೆದ ಚೆಂಡುಗಳನ್ನು ಕ್ಯಾಡಿಗಳ ಹತ್ತಿರವೇ ವಿಚಾರಿಸಿ, ಹೊಸದರ ಬೆಲೆಯ ಒಂದು ಚೂರಿಗೆ ಸಿಗುತ್ತವೆ. ಹತ್ತು ಹನ್ನೆರಡು ಇಟ್ಟುಕೊಂಡರೆ ಕಳೆದುಹೋದಾಗ ಹೊಟ್ಟೆ ಉರಿಯುವುದಿಲ್ಲ. ಜೊತೆಗೆ ಒಂದು ಮುಷ್ಟಿ ಮರದ ಟೀ (ಚೆಂಡನ್ನು ಮೇಲಿಟ್ಟು ಹೊಡೆಯುವ ಸಣ್ಣ ಗೂಟ), ಎಡಗೈಗೆ ಒಂದು ಗ್ಲೌಸು. ಗಾಲ್ಫ್ ಶೂ ಬೇಕಿಲ್ಲ, ಅಡಿಯಲ್ಲಿ ಹಿಡಿತ ಇರುವ ಕ್ರೀಡಾ ಶೂ ಸಾಕು. ಹಿಂದಿನ ದಿನ ಮಳೆಯಾಗಿದ್ದರೆ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಎಳೆದುಕೊಂಡು, ತೋಟದ ಆಳುಗಳು ಮಾಡುವಂತೆ ಉಪ್ಪೋ ಹೊಗೆಸೊಪ್ಪಿನ ಪುಡಿಯೋ ಸವರಿಕೊಳ್ಳಿ. ರಫ್‌ನ (ಉದ್ದ ಹುಲ್ಲಿನ ಜಾಗದ) ಅಂಚಿನಲ್ಲಿ ಚೆಂಡು ಹುಡುಕುತ್ತ ನಿಂತವರ ಕಾಲಿಗೆ ಜಿಗಣೆ ಏರಲು ಹೆಚ್ಚು ಹೊತ್ತು ಬೇಕಿಲ್ಲ.

ಬರುವ ಮುಂಚೆ ಎರಡು ಮೂರು ಗಂಟೆಯಾದರೂ ಯಾರಾದರೂ ಕೋಚ್ ಹತ್ತಿರ ಹೊಡೆದು ಅಭ್ಯಾಸ ಮಾಡಿ. ಬೆಂಗಳೂರು, ಮೈಸೂರಿನವರಿಗೆ ಇದು ಕಷ್ಟವಲ್ಲ. ಕ್ಯಾಡಿ ಶುಲ್ಕ ಬಿಟ್ಟರೆ ನೀವು ಉಳಿಸಬಾರದ ಇನ್ನೊಂದು ಖರ್ಚು ಇದೇ.

ಕ್ಯಾಡಿ

ಚೀಲ ಹೊರುವವರು ಎಂದುಕೊಂಡರೆ ಅವರ ಕೆಲಸದ ಅತಿ ಚಿಕ್ಕ ಭಾಗ ಮಾತ್ರ ನಿಮ್ಮ ಕಣ್ಣಿಗೆ ಬಿತ್ತು. ಯಾವ ಹೋಲ್‌ನಲ್ಲಿ ಬಲಕ್ಕೆ ಇಳಿಜಾರು, ಯಾವ ಸಿಲ್ವರ್ ಓಕ್ ದಾಟಿದರೆ ತೋಟದ ಗಡಿ, ನಿನ್ನೆಯ ಮಳೆಗೆ ಎಲ್ಲಿ ನೀರು ನಿಂತಿದೆ, ಯಾವ ಗ್ರೀನಿನಲ್ಲಿ (ಹೋಲ್ ಸುತ್ತಲಿನ ನುಣುಪು ಹುಲ್ಲಿನಲ್ಲಿ) ಕಣ್ಣಿಗೆ ಸಮ ಕಂಡರೂ ಚೆಂಡು ಎಡಕ್ಕೆ ಓಡುತ್ತದೆ, ಎಲ್ಲ ಅವರಿಗೆ ಬಾಯಿಪಾಠ. ಬಹಳ ಕ್ಯಾಡಿಗಳು ತಾವೇ ಒಳ್ಳೆಯ ಆಟಗಾರರು. ನಮ್ಮ ದೇಶದ ವೃತ್ತಿಪರ ಗಾಲ್ಫಿನಲ್ಲಿ ಹೆಸರು ಮಾಡಿದವರಲ್ಲಿ ಕ್ಯಾಡಿಯಾಗಿ ಶುರು ಮಾಡಿದವರು ಕಡಿಮೆಯಿಲ್ಲ.

ಟೀ (ಪ್ರತಿ ಹೋಲ್‌ನ ಮೊದಲ ಹೊಡೆತದ ಜಾಗಕ್ಕೂ ಇದೇ ಹೆಸರು) ಹತ್ತಿರ ಹೋಗುವ ಮೊದಲೇ ಹೇಳಿಬಿಡಿ: "ಅಣ್ಣಾ, ನಾನು ಹೊಸಬ. ಸ್ಟಿಕ್ ನೀವೇ ಕೊಡಿ, ಎಲ್ಲಿಗೆ ಹೊಡೆಯಬೇಕು ತೋರಿಸಿ." ಈ ಒಂದು ಮಾತಿಗೆ ಅವರ ಮುಖದ ಬಿಗಿತ ಹೋಗುತ್ತದೆ. ಆಮೇಲೆ ಅವರು ಏಳನೇ ಐರನ್ ಕೈಗೆ ಕೊಟ್ಟು, "ಸಾರ್, ಆ ಒಂಟಿ ಮರದ ಎಡಕ್ಕೆ ನೋಡಿ, ನಿಧಾನ ಹೊಡೀರಿ" ಎಂದರೆ ಅಷ್ಟನ್ನೇ ಮಾಡಿ. ಯೂಟ್ಯೂಬಿನಲ್ಲಿ ನೋಡಿದ್ದನ್ನು ಅಲ್ಲಿ ಪರೀಕ್ಷೆ ಮಾಡಬೇಡಿ.

ಕ್ಲಬ್ ನಿಗದಿ ಮಾಡಿದ ಶುಲ್ಕದ ಮೇಲೆ ಏನಾದರೂ ಕೊಡುವುದು ರೂಢಿ. ನನ್ನ ಲೆಕ್ಕದಲ್ಲಿ ಅದು ಚಿಲ್ಲರೆಯಾಗಿ ಉಳಿದ ಇಪ್ಪತ್ತು ಮೂವತ್ತು ರೂಪಾಯಿ ಆಗಬಾರದು. ಮೈಲಿಗಟ್ಟಲೆ ಏರಿಳಿತದಲ್ಲಿ ನಿಮ್ಮ ಜೊತೆ ನಡೆದು, ಪೊದೆಯಲ್ಲಿ ನಿಮ್ಮ ಚೆಂಡು ಹುಡುಕಿದವರಿಗೆ ಕೊಡುವ ಗೌರವ ಅದು. ಆಟದ ಮಧ್ಯೆ ಚಹಾ ಕುಡಿದರೆ ಅವರಿಗೂ ಒಂದು ಹೇಳಿ.

ಮೊದಲ ಹೊಡೆತ

ಕೊಡಗಿನಲ್ಲಿ ಹಾಕಿ ಹಿಡಿಯದ ಕೈ ಅಪರೂಪ. ಅದು ಗಾಲ್ಫಿಗೆ ಅರ್ಧ ವರ, ಅರ್ಧ ಅಡ್ಡಿ. ಹಾಕಿ ಆಡಿದವರಿಗೆ ಚೆಂಡಿನ ಮೇಲೆ ಕಣ್ಣಿಡುವುದನ್ನು ಹೇಳಿಕೊಡಬೇಕಿಲ್ಲ, ಮಣಿಕಟ್ಟಿನಲ್ಲಿ ಕಸುವು ಇರುತ್ತದೆ. ಆದರೆ ಹಾಕಿಯಲ್ಲಿ ಓಡುತ್ತ, ಮುಂದಕ್ಕೆ ಹೆಜ್ಜೆ ಇಡುತ್ತ, ಸ್ಟಿಕ್ ಹೆಚ್ಚು ಎತ್ತದೆ ಹೊಡೆದು ರೂಢಿ. ಇಲ್ಲಿ ಚೆಂಡು ಅಲುಗಾಡದೆ ಕೂತಿರುತ್ತದೆ. ಪಾದ ನೆಲದಲ್ಲೇ ಇರಬೇಕು, ಸೊಂಟ ಮತ್ತು ಭುಜ ತಿರುಗಬೇಕು. ಹಾಕಿಯವರು ತೋಳಿನ ಬಲದಿಂದಲೇ ಬಾರಿಸಿದಾಗ ಚೆಂಡು ಮೇಲೇಳದೆ ನೆಲದ ಮೇಲೆ ಉರುಳಿಕೊಂಡು ಹೋಗುತ್ತದೆ. ಚೆಂಡನ್ನು ಎತ್ತಲು ಹೋಗಬೇಡಿ. ಐರನ್ನಿನ ಮುಖದಲ್ಲೇ ಓರೆ ಇದೆ, ಚೆಂಡನ್ನು ಮೇಲಕ್ಕೆ ಕಳಿಸುವ ಕೆಲಸ ಅದರದು. ನೀವು ಚೆಂಡಿನ ಮೇಲೆ ಕೆಳಮುಖವಾಗಿ ಹೊಡೆದು, ಅದರ ಮುಂದಿನ ಹುಲ್ಲನ್ನು ಸ್ವಲ್ಪ ಕೆರೆಯಬೇಕು.

ಎಲ್ಲಕ್ಕಿಂತ ಮುಂದಿನ ಟೀಯಿಂದ ಆಡಿ. ಇದರಲ್ಲಿ ನಾಚಿಕೆ ಇಲ್ಲ. ಹಿಂದಿನ ಟೀಯಿಂದ ಆಡಿದರೆ ಪ್ರತಿ ಹೋಲ್‌ಗೂ ಹೊಡೆತ ಹೆಚ್ಚು, ಚೆಂಡು ಹೆಚ್ಚು, ಸಮಯ ಹೆಚ್ಚು. ಯಾರಾದರೂ ಹೊಡೆಯಲು ನಿಂತಾಗ ಮಾತು ನಿಲ್ಲಿಸಿ, ಅವರ ಹಿಂದೆ ನಿಲ್ಲಬೇಡಿ. ಚೆಂಡು ಯಾರ ಕಡೆಗಾದರೂ ಹೋದರೆ, ಅದು ಹುಲ್ಲು ಕೊಯ್ಯುವ ಹೆಂಗಸರ ಕಡೆಗೇ ಆಗಲಿ, ಗಂಟಲು ಬಿಚ್ಚಿ "ಫೋರ್" ಎಂದು ಕೂಗಿ. ಹೊಸಬರು ಸಂಕೋಚದಿಂದ ಸುಮ್ಮನಿರುತ್ತಾರೆ. 46 ಗ್ರಾಮಿನಷ್ಟು ತೂಗುವ ಗಟ್ಟಿ ಚೆಂಡು ಅದು, ತಲೆಗೆ ಬಿದ್ದರೆ ಸಂಕೋಚ ಯಾರನ್ನೂ ಕಾಪಾಡುವುದಿಲ್ಲ.

ಚೆಂಡು ತೋಟಕ್ಕೆ ಹೋದಾಗ

ಹೋಗಿಯೇ ಹೋಗುತ್ತದೆ. ಆಗ ಏನು ಮಾಡಬೇಕೆಂದು ಗೊತ್ತಿದ್ದರೆ ಆಟ ಕೆಡುವುದಿಲ್ಲ.

ಬಿಳಿ ಗೂಟಗಳ ಆಚೆ ಹೋದರೆ ಓಬಿ, ಅಂದರೆ ಔಟ್ ಆಫ್ ಬೌಂಡ್ಸ್, ಮೈದಾನದ ಗಡಿಯಾಚೆ. ಮೂಲ ನಿಯಮದಲ್ಲಿ ಒಂದು ಹೊಡೆತ ದಂಡ ಸೇರಿಸಿ, ಮೊದಲು ಹೊಡೆದ ಜಾಗದಿಂದಲೇ ಮತ್ತೆ ಹೊಡೆಯಬೇಕು. ಚೆಂಡು ಓಬಿ ಹೋಗಿರಬಹುದು ಅಥವಾ ಕಳೆದಿರಬಹುದು ಎಂಬ ಅನುಮಾನ ಬಂದರೆ ಅಲ್ಲಿಂದ ಕದಲುವ ಮೊದಲೇ "ಪ್ರೊವಿಷನಲ್ ಹೊಡೀತೀನಿ" ಎಂದು ಜೊತೆಯವರಿಗೆ ಹೇಳಿ, ಮೊದಲನೆಯದು ಸಿಗದಿದ್ದರೆ ಇರಲಿ ಎಂದು ಇನ್ನೊಂದು ಚೆಂಡು ಹೊಡೆದಿಡಿ. ಹೇಳದೆ ಹೊಡೆದರೆ ಆ ಎರಡನೆಯದೇ ನಿಮ್ಮ ಚೆಂಡಾಗಿಬಿಡುತ್ತದೆ. 2019ರಲ್ಲಿ ನಿಯಮಗಳು ಬದಲಾದ ಮೇಲೆ ಕ್ಲಬ್‌ಗಳು ಇನ್ನೊಂದು ದಾರಿಯನ್ನೂ ಸ್ಥಳೀಯ ನಿಯಮವಾಗಿ ಇಟ್ಟುಕೊಳ್ಳಬಹುದು: ಎರಡು ಹೊಡೆತ ದಂಡ ತೆತ್ತು, ಚೆಂಡು ಕಳೆದುಹೋದ ಜಾಗದ ನೇರಕ್ಕೆ ಫೇರ್‌ವೇ (ಹೋಲ್ ಕಡೆಗಿನ ಕತ್ತರಿಸಿದ ಹುಲ್ಲಿನ ದಾರಿ) ಅಂಚಿನಲ್ಲಿ ಇಳಿಬಿಟ್ಟು ಆಡುವುದು. ಸ್ನೇಹಿತರ ಆಟದಲ್ಲಿ ಇದನ್ನೇ ಅನುಸರಿಸಿ, ತುಂಬ ಸಮಯ ಉಳಿಯುತ್ತದೆ.

ಹುಡುಕಲು ಮೂರೇ ನಿಮಿಷ. ಅದಕ್ಕಿಂತ ಹೆಚ್ಚು ಹುಡುಕಿ ಸಿಕ್ಕರೂ ನಿಯಮದಲ್ಲಿ ಅದು ಕಳೆದ ಚೆಂಡೇ. ಬೇಲಿ ಹಾರಿ ತೋಟದೊಳಗೆ ಮಾತ್ರ ಹೋಗಬೇಡಿ. ಅದು ಇನ್ನೊಬ್ಬರ ಜಮೀನು, ಕಾಫಿ ಗಿಡದ ಬುಡದಲ್ಲಿ ಹಾವಿರುತ್ತದೆ. ಪಾಲಿಬೆಟ್ಟ, ಸಿದ್ದಾಪುರದ ಕಡೆ ಆನೆ ತೋಟದಲ್ಲೇ ಬೀಡುಬಿಟ್ಟಿರುವುದು ಹೊಸ ಸುದ್ದಿಯಲ್ಲ. ಕ್ಯಾಡಿ ಬೇಡ ಎಂದರೆ ಬೇಡ.

ಮೈದಾನದೊಳಗೇ ಪೊದೆಯಲ್ಲಿ ಸಿಕ್ಕಿಕೊಂಡು ಆಡಲು ಬರದ ಸ್ಥಿತಿಯಲ್ಲಿದ್ದರೆ ಒಂದು ಹೊಡೆತ ದಂಡಕ್ಕೆ ಎರಡು ಸ್ಟಿಕ್ ಉದ್ದದೊಳಗೆ, ಹೋಲ್‌ಗೆ ಹತ್ತಿರವಾಗದಂತೆ, ಚೆಂಡನ್ನು ಇಳಿಬಿಡಬಹುದು. ಮೊಣಕಾಲಿನ ಎತ್ತರದಿಂದ ಬಿಡಬೇಕು. ಕೆಂಪು ಗೂಟದ ತೋಡು, ಕೆರೆಗೆ ಬಿದ್ದರೂ ಒಂದು ದಂಡ, ಚೆಂಡು ಗಡಿ ದಾಟಿದ ಜಾಗದಿಂದ ಎರಡು ಸ್ಟಿಕ್ ಉದ್ದ.

ದಂಡವೇ ಇಲ್ಲದ ಸಂದರ್ಭಗಳನ್ನು ಹೊಸಬರು ತಿಳಿದಿರುವುದಿಲ್ಲ, ಕೊಡಗಿಗೆ ಬೇಕಾದವೂ ಅವೇ. ಮಳೆ ನೀರು ತಾತ್ಕಾಲಿಕವಾಗಿ ನಿಂತ ಜಾಗದಲ್ಲಿ ಚೆಂಡು ಬಿದ್ದರೆ ಹತ್ತಿರದ ಒಣ ಜಾಗಕ್ಕೆ ತರಬಹುದು. ನೆನೆದ ಫೇರ್‌ವೇಯಲ್ಲಿ ಚೆಂಡು ತಾನು ಬಿದ್ದ ಗುಂಡಿಯಲ್ಲೇ ಹೂತುಕೊಂಡರೆ ತೆಗೆದು, ಒರೆಸಿ, ಪಕ್ಕದಲ್ಲಿ ಇಳಿಬಿಡಬಹುದು. ಬಿಲದಲ್ಲಿ ಬಿದ್ದರೂ ಹಾಗೇ. ಉದುರಿದ ಎಲೆ, ಕಡ್ಡಿಗಳನ್ನು ಚೆಂಡು ಅಲುಗದಂತೆ ಎತ್ತಿಹಾಕಬಹುದು, ಈಗ ಬಂಕರಿನಲ್ಲೂ (ಮರಳು ಗುಂಡಿಯಲ್ಲೂ) ಹಾಕಬಹುದು. ವಿಷದ ಹಾವು, ಜೇನುಹುಳ ಹತ್ತಿರವಿದ್ದರೆ ಅಲ್ಲಿಂದ ದೂರ, ಅಪಾಯವಿಲ್ಲದ ಕಡೆ, ದಂಡವಿಲ್ಲದೆ ಚೆಂಡು ಇಳಿಬಿಡಲು ನಿಯಮ ಪುಸ್ತಕದಲ್ಲೇ ಅವಕಾಶವಿದೆ. ಹೆಜ್ಜೇನು ಕಟ್ಟುವ ಊರಿನಲ್ಲಿ ಇದನ್ನು ನೆನಪಿಡಿ.

ಬಂಕರಿನಲ್ಲಿ ಹೊಡೆಯುವ ಮೊದಲು ಚೆಂಡಿನ ಹಿಂದೆ ಮುಂದೆ ಮರಳಿಗೆ ಸ್ಟಿಕ್ ತಾಗಿಸಬಾರದು. ಹೊಡೆದು ಬಂದ ಮೇಲೆ ಹೆಜ್ಜೆ ಗುರುತನ್ನೆಲ್ಲ ರೇಕಿನಿಂದ ಸರಿಮಾಡಿ.

ಗ್ರೀನಿನ ಮೇಲೆ

ಮೈದಾನದಲ್ಲಿ ಅತಿ ಹೆಚ್ಚು ದುಡಿಮೆ ಹೋಗುವುದು ಈ ಚಿಕ್ಕ ಜಾಗಕ್ಕೆ. ಕಡಿಮೆ ಶುಲ್ಕದ ಕೋರ್ಸಿನಲ್ಲಿ ಕೆಲಸದವರು ಕೆಲವರೇ ಇರುತ್ತಾರೆ, ಹಾಗಾಗಿ ಆಡುವವರು ಜೋಪಾನ ಮಾಡಿದರೆ ಮಾತ್ರ ಗ್ರೀನು ಉಳಿಯುತ್ತದೆ. ಮೇಲಿನಿಂದ ಬಿದ್ದ ಚೆಂಡು ಒಂದು ಸಣ್ಣ ಗುಂಡಿ ಮಾಡುತ್ತದೆ. ಅದನ್ನು ಹುಡುಕಿ. ಕವಲು ಉಪಕರಣವನ್ನೋ ಮರದ ಟೀಯನ್ನೋ ಗುಂಡಿಯ ಅಂಚಿನ ಹೊರಗೆ ಚುಚ್ಚಿ, ಸುತ್ತಲಿನ ಹುಲ್ಲನ್ನು ನಾಲ್ಕೂ ಕಡೆಯಿಂದ ನಡುವಿಗೆ ತಳ್ಳಿ, ಪಟರಿನ ಅಡಿಯಿಂದ ಮೆತ್ತಗೆ ಒತ್ತಿ. ಗುಂಡಿಯ ತಳವನ್ನು ಮೇಲಕ್ಕೆ ಮೀಟಬಾರದು, ಮೀಟಿದರೆ ಬೇರು ಹರಿದು ಹುಲ್ಲು ಸಾಯುತ್ತದೆ. ಸರಿಯಾಗಿ ಮುಚ್ಚಿದ್ದು ಕೆಲವೇ ದಿನಗಳಲ್ಲಿ ಗುರುತಿಲ್ಲದಂತೆ ಕೂಡಿಕೊಳ್ಳುತ್ತದೆ. ಹಾಗೇ ಬಿಟ್ಟದ್ದು ವಾರಗಟ್ಟಲೆ ಕಂದು ಕಲೆಯಾಗಿ ಉಳಿಯುತ್ತದೆ. ನಿಮ್ಮದರ ಜೊತೆ ಬೇರೆಯವರು ಬಿಟ್ಟುಹೋದ ಇನ್ನೊಂದನ್ನೂ ಮುಚ್ಚಿದರೆ ಕ್ಯಾಡಿ ನಿಮ್ಮನ್ನು ನೋಡುವ ರೀತಿಯೇ ಬೇರೆಯಾಗುತ್ತದೆ.

ಪಟ್ ಮಾಡುವಾಗ ಮೊದಲು ದೂರ, ಆಮೇಲೆ ದಿಕ್ಕು. ಹೋಲಿನ ಅಗಲ 108 ಮಿಲಿಮೀಟರ್ ಮಾತ್ರ. ದೂರದಿಂದ ನೇರ ಒಳಗೇ ಹಾಕುವ ಆಸೆ ಬಿಟ್ಟು, ಹೋಲಿನ ಸುತ್ತ ಒಂದು ಸ್ಟಿಕ್ ಉದ್ದದೊಳಗೆ ನಿಲ್ಲಿಸಿದರೆ ಎರಡನೆಯದರಲ್ಲಿ ಮುಗಿಯುತ್ತದೆ. ಬೆಳಗ್ಗೆ ಇಬ್ಬನಿ ಇದ್ದರೆ ಚೆಂಡು ನಿಧಾನ, ಸ್ವಲ್ಪ ಜೋರಾಗಿ ತಳ್ಳಿ. ಬಿಸಿಲೇರಿದಂತೆ ಅದೇ ಬಲಕ್ಕೆ ಹೋಲ್ ದಾಟಿ ಓಡುತ್ತದೆ. ಬೇರೆಯವರ ಚೆಂಡು ಮತ್ತು ಹೋಲಿನ ನಡುವಿನ ದಾರಿಯನ್ನು ತುಳಿಯಬೇಡಿ. ಬಾವುಟದ ಕೋಲನ್ನು ತೆಗೆಯದೆಯೂ ಪಟ್ ಮಾಡಬಹುದು.

ವೇಗ

ಹೊಸಬರು ಕೆಟ್ಟದಾಗಿ ಆಡಿದರೆ ಹಳೆಯ ಸದಸ್ಯರಿಗೆ ಬೇಸರವಿಲ್ಲ, ನಿಧಾನ ಆಡಿದರೆ ಬೇಸರ. ನಿಮ್ಮ ಸರದಿ ಬಂದ ಮೇಲೆ ನಲವತ್ತು ಸೆಕೆಂಡಿನೊಳಗೆ ಹೊಡೆಯಬೇಕೆಂದು ನಿಯಮವೇ ಸಲಹೆ ಮಾಡುತ್ತದೆ. ನಡೆಯುತ್ತಲೇ ಯೋಚನೆ ಮಾಡಿ, ಒಂದೇ ಸಲ ಸ್ಟಿಕ್ ಬೀಸಿ ನೋಡಿ, ಹೊಡೆಯಿರಿ. ಯಾರು ಸಿದ್ಧರೋ ಅವರು ಮೊದಲು. ಹಿಂದಿನ ಗುಂಪು ಕಾಯುತ್ತಿದ್ದರೆ ಪಕ್ಕಕ್ಕೆ ನಿಂತು ಕೈ ಬೀಸಿ ಮುಂದೆ ಬಿಡಿ.

ಹೀಗೆ ನಡೆದರೆ ಒಂಬತ್ತು ಹೋಲ್‌ಗೆ ಎರಡು ಗಂಟೆ, ಹದಿನೆಂಟಕ್ಕೆ ನಾಲ್ಕು ನಾಲ್ಕೂವರೆ. ಮೊದಲ ಬಾರಿಗೆ ಒಂಬತ್ತೇ ಆಡಿ. ಕೊಡಗಿನ ಏರಿಳಿತದಲ್ಲಿ ಹತ್ತನೇ ಹೋಲ್ ಹೊತ್ತಿಗೆ ಕಾಲು ಸೋತು, ಆಮೇಲೆ ಆಡುವುದೆಲ್ಲ ಬರಿಯ ಗುದ್ದಾಟ.

ಅಂಕ ಬರೆಯುವುದಕ್ಕೆ ಸ್ಟೇಬಲ್‌ಫರ್ಡ್ ಪದ್ಧತಿ ಹೊಸಬರಿಗೆ ಹಿತ. ಪಾರ್‌ಗೆ (ಆ ಹೋಲ್‌ಗೆ ನಿಗದಿಯಾದ ಹೊಡೆತಗಳ ಸಂಖ್ಯೆಗೆ) ಎರಡು ಅಂಕ, ಒಂದು ಹೆಚ್ಚಾದರೆ ಒಂದು, ಒಂದು ಕಡಿಮೆಯಾದರೆ ಮೂರು. ಎರಡು ಅಥವಾ ಅದಕ್ಕಿಂತ ಹೆಚ್ಚಾದರೆ ಸೊನ್ನೆ, ಚೆಂಡು ಎತ್ತಿಕೊಂಡು ಮುಂದಿನ ಹೋಲ್‌ಗೆ ನಡೆಯಿರಿ. ಹೊಸಬರು ತಮಗೆ ತಾವೇ ಹೋಲ್‌ಗೆ ಎರಡು ಹೊಡೆತ ರಿಯಾಯಿತಿ ಕೊಟ್ಟುಕೊಂಡು ಲೆಕ್ಕ ಹಾಕಿದರೆ ಅಂಕದ ಹಾಳೆಯಲ್ಲಿ ಸೊನ್ನೆ ಬಿಟ್ಟು ಬೇರೆ ಸಂಖ್ಯೆಗಳೂ ಕಾಣುತ್ತವೆ.

ಆಟ ಮುಗಿದ ಮೇಲೆ

ಟೋಪಿ ತೆಗೆದು ಜೊತೆಯವರ ಕೈಕುಲುಕಿ, ಕ್ಯಾಡಿಯ ಕೈಯನ್ನೂ. ಬಾಡಿಗೆ ಸ್ಟಿಕ್‌ಗಳನ್ನು ಅವರ ಎದುರಿಗೇ ಎಣಿಸಿ ಒಪ್ಪಿಸಿ. ವೆಜ್ ಒಂದನ್ನು ಗ್ರೀನಿನ ಪಕ್ಕ ಮರೆತು ಬರುವುದು ಬಹಳ ಸಾಮಾನ್ಯ, ಅದರ ದುಡ್ಡು ಕೊಡಬೇಕಾಗಿ ಬಂದರೆ ಇಡೀ ದಿನದ ಉಳಿತಾಯ ಹೋಗುತ್ತದೆ. ಶೂ ಬಿಚ್ಚಿ ಕಾಲ್ಬೆರಳ ಸಂದು ನೋಡಿಕೊಳ್ಳಿ. ಜಿಗಣೆ ಕಚ್ಚಿದ್ದರೆ ಉಗುರಿನಿಂದ ಅದರ ಬಾಯಿಯ ಬದಿಯಿಂದ ಮೆಲ್ಲಗೆ ಸರಿಸಿ ಬಿಡಿಸಿ, ಸೋಪು ನೀರಿನಲ್ಲಿ ತೊಳೆದು ಹತ್ತಿ ಒತ್ತಿ ಹಿಡಿಯಿರಿ. ರಕ್ತ ಸ್ವಲ್ಪ ಹೊತ್ತು ಬರುತ್ತದೆ, ಗಾಬರಿ ಬೇಡ.

ಮಕ್ಕಳನ್ನು ಕರೆತಂದಿದ್ದರೆ, ಅಭ್ಯಾಸದ ಗ್ರೀನಿನಲ್ಲಿ ಅವರಿಗೊಂದು ಪಟರ್ ಕೊಡಬಹುದೇ ಎಂದು ಕೌಂಟರಿನಲ್ಲಿ ಕೇಳಿ. ಬೆಂಗಳೂರಿನಲ್ಲಿ ಐದಾರನೇ ವಯಸ್ಸಿಗೆ ಸ್ಟಿಕ್ ಹಿಡಿದ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದರು. ಕೇಳಲು ದುಡ್ಡು ಬೇಡ. ಹೊರಡುವ ಮುಂಚೆ ನಿಮ್ಮ ಕ್ಯಾಡಿಯ ಹೆಸರನ್ನೂ, ಅವರು ಯಾವ ವಾರದ ದಿನಗಳಲ್ಲಿ ಬರುತ್ತಾರೆ ಎಂಬುದನ್ನೂ ಬರೆದಿಟ್ಟುಕೊಂಡು, ಮುಂದಿನ ಸಲ ಫೋನ್ ಮಾಡಿದಾಗ ಅವರೇ ಬೇಕು ಎಂದು ಹೇಳಿ.